ಪರಂಗಿ ಹಾಲಿನದೆಂದು ನಾನು ಹೇಳಿದ ಪುಡಿ

ಗಿರಿಜಾ, ಅದು ಪರಂಗಿ ಕಾಯಿಯ ಹಾಲಿನ ಪುಡಿಯಲ್ಲ. ಎಂದೂ ಆಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆ, ಹುಣಸೂರಿನ ನಮ್ಮ ಅಡುಗೆಮನೆಯಲ್ಲಿ ನಾನು ನಿನಗೆ ಹಾಲಿಗೆ ಬೆರೆಸಿ ಕೊಟ್ಟದ್ದು ಹಂದಿಯ ಹೊಟ್ಟೆಯೊಳಗಿನ ಗ್ರಂಥಿಯಿಂದ ತೆಗೆದ ಪುಡಿ. ಗೊತ್ತಿದ್ದೇ ಕೊಟ್ಟೆ. ಗೊತ್ತಿದ್ದೇ ಸುಳ್ಳು ಹೇಳಿದೆ.

ಅಂತೂ ಬರೆದೆ! ಇನ್ನು ನಿಲ್ಲಿಸಲಾರೆ. ಈಗ ತಾನೇ ನಿನ್ನ ಕಾಗದ ಬಂತು — ಮಗಳಿಗೂ ನನ್ನ ಹಾಗೆಯೇ ರಕ್ತಭೇದಿ, ಪರಂಗಿ ಹಾಲು ತೆಗೆದು ಒಣಗಿಸುತ್ತೇನೆ, ಅಳತೆ ಬರೆದು ತಿಳಿಸಿ, ಈ ಸಲ ತಪ್ಪು ಮಾಡುವುದಿಲ್ಲ ಎಂದು. ಬೇಡ ಗಿರಿಜಾ! ಒಣಗಿಸಿದ್ದರೆ ತಿಪ್ಪೆಗೆ ಹಾಕು. ಮಿಕ್ಕದ್ದನ್ನು ಆಮೇಲೆ ಓದು.

ಆಗ ನಿನಗೆ ಮದುವೆಯಾಗಿ ಎರಡು ವರ್ಷ. ಪಿರಿಯಾಪಟ್ಟಣದ ಗಂಡನ ಮನೆಯಲ್ಲಿ ಕಾಯಿಲೆ ಬಿದ್ದು ನೀನು ತವರಿಗೆ, ನಿನ್ನ ಅಣ್ಣನ ಮನೆಗೆ, ಬಂದಿದ್ದೆ. ದಿನಕ್ಕೆ ಎಂಟು ಸಲ, ಹತ್ತು ಸಲ ಹಿತ್ತಲಿಗೆ ಓಡುತ್ತಿದ್ದೆ. ನನಗೋ ಎಲ್ಲವನ್ನೂ ಗುರುತು ಹಾಕಿಡುವ ಚಾಳಿ — ನೀನು ಏನು ತಿಂದೆ, ಎಷ್ಟು ಸಲ ಹೋದೆ, ರಕ್ತ ಕಂಡಿತೋ ಇಲ್ಲವೋ, ಎಲ್ಲ ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ. ಅದನ್ನೆಲ್ಲ ಒಪ್ಪಿಸಿದಾಗ ಆಸ್ಪತ್ರೆಯ ಡಾಕ್ಟರು ಗಮನವಿಟ್ಟು ಕೇಳಿದರು. ಆಮೇಲೆ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟರು.

“ಕರುಳಲ್ಲಿ ಹುಣ್ಣಾಗಿದೆಯಮ್ಮ. ಈ ಪುಡಿ ಹುಣ್ಣು ಮಾಯಿಸೋಲ್ಲ, ನೆನಪಿರಲಿ. ಆಹಾರಾನ ಮುಂಚೇನೇ ಅರ್ಧ ಅರಗಿಸಿಕೊಡುತ್ತೆ, ದಣಿದ ಕರುಳಿಗೆ ಅಷ್ಟು ಕೆಲಸ ಕಡಿಮೆ, ಅಷ್ಟೆ. ಇದು ಹಂದಿಯಿಂದ ತೆಗೆದದ್ದು. ನೀವು ಲಿಂಗ ಕಟ್ಟಿದ ಜನ. ಆಕೇನ ಕೇಳಿ, ಒಪ್ಪಿದರೆ ಕೊಡಿ.”

ಬೇರೆ ಏನೂ ಇಲ್ಲವೇ ಎಂದು ಕೇಳಿದೆ. ಪರಂಗಿ ಹಾಲಿಗೂ ಅರಗಿಸುವ ಗುಣ ಉಂಟು, ಆದರೆ ಅದು ಸುಡುತ್ತದೆ, ಹುಣ್ಣಾದ ಕರುಳಿಗೆ ಬೇಡವೇ ಬೇಡ ಎಂದರು. ಆ ಮಾತಿನ ಮೊದಲರ್ಧವನ್ನು ಮಾತ್ರ ನಾನು ಮನೆಗೆ ತಂದೆ.

ಬಂದವಳೇ ಪರೀಕ್ಷೆ ಮಾಡಿದೆ. ಅಕ್ಕಿಹಿಟ್ಟಿನ ಗಂಜಿ, ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಉಗುರುಬೆಚ್ಚಗಾದ ಮೇಲೆ ಒಂದು ಚಿಟಿಕೆ ಪುಡಿ ಕಲಸಿಟ್ಟು, ಸೊಪ್ಪು ಸೋಸಿಕೊಂಡು ಬರುವಷ್ಟರಲ್ಲಿ — ಗಂಜಿ ನೀರು! ಎತ್ತಿ ಸುರಿದರೆ ದಾರದ ಹಾಗೆ ಇಳಿಯಿತು. ಯಾರೂ ಅಗಿದಿಲ್ಲ, ಯಾರೂ ನುಂಗಿಲ್ಲ, ಪಾತ್ರೆಯೊಳಗೇ ಅರಗಿಬಿಟ್ಟಿದೆ! ಒಲೆಯ ಮುಂದೆ ಒಬ್ಬಳೇ ನಕ್ಕುಬಿಟ್ಟೆ. ಇನ್ನು ನೀನು ಬದುಕಿಕೊಂಡೆ ಅನ್ನಿಸಿತು. ಆಮೇಲೆ ಆ ಗಂಜಿಯನ್ನು ಬಚ್ಚಲಿಗೆ ಸುರಿದು ಎರಡೆರಡು ಸಲ ಕೈ ತೊಳೆದೆ. ನಾಲಗೆಗೆ ಒಂದು ಹನಿ ಸೋಕಿಸಲಿಲ್ಲ — ನಾನೂ ಲಿಂಗ ಕಟ್ಟಿದವಳಲ್ಲವೇ!

ನೀನು ಕೇಳದೆ ಇರಲಿಲ್ಲ.

“ಅತ್ಗೆ, ಅದೇನ್ ಪುಡಿ? ಆಲೆಲ್ಲ ಕಯ್ಯಿ ಕಣ್ರೀ.”

“ಪರಂಗಿ ಕಾಯಿ ಹಾಲಿಂದು ಕಣವ್ವ. ಕುಡಿ.”

“ಅಯ್ಯೋ, ನಮ್ಮಿತ್ಲು ಪರಂಗಿಗೆ ಸೀಸೇಲಿ ಕೂರೋ ಯೋಗ ಬಂತಾ! ಬುಡಿ, ಇನ್ಮ್ಯಾಕೆ ಅದ್ಕೂ ಒಂದು ಕೈ ಮುಗೀತೀನಿ.”

ನಗುತ್ತಲೇ ನೀನು ಎಡಗೈಯಲ್ಲಿ ಲಿಂಗವಿಟ್ಟುಕೊಂಡೆ. ಬಟ್ಟಲನ್ನು ಅದಕ್ಕೆ ತೋರಿಸಿ, ಕಣ್ಣು ಮುಚ್ಚಿ ಒಪ್ಪಿಸಿ, ಆಮೇಲೆ ಕುಡಿದೆ. ದಿನಕ್ಕೆ ಮೂರು ಸಲ, ಎರಡು ತಿಂಗಳು. ಪ್ರತಿ ಸಲವೂ ನಾನು ಪಕ್ಕದಲ್ಲೇ ನಿಂತಿದ್ದೆ. ಪ್ರತಿ ಸಲವೂ ಬಾಯಿ ಬಿಡಬಹುದಿತ್ತು —

ಬಿಡಲಿಲ್ಲ, ಏಕೆಂದರೆ ನಾನು ಗೆಲ್ಲುತ್ತಿದ್ದೆ! ಹೊಟ್ಟೆಯುಬ್ಬರ ಇಳಿಯಿತು. ಗೋಡೆಯ ಮೇಲಿನ ಗೆರೆಗಳು ಹತ್ತರಿಂದ ಆರಕ್ಕೆ, ಆರರಿಂದ ಮೂರಕ್ಕೆ ಬಂದವು. ಮೊಣಕೈವರೆಗೆ ಜಾರುತ್ತಿದ್ದ ನಿನ್ನ ಬಳೆ ಮಣಿಕಟ್ಟಿನ ಹತ್ತಿರ ನಿಂತಿತು. ನಾನು ಅದನ್ನು ದಿನವೂ ಮುಟ್ಟಿ ನೋಡುತ್ತಿದ್ದೆ, ನಿನಗೆ ನೆನಪಿರಬೇಕು. ರಕ್ತ ಪೂರ್ತಿ ನಿಂತಿರಲಿಲ್ಲ. ಅದನ್ನೂ ಗುರುತು ಹಾಕಿದ್ದೆ, ಆದರೆ ಆ ಗುರುತನ್ನು ನೋಡುವ ಮನಸ್ಸಿರಲಿಲ್ಲ.

ಮಿಕ್ಕ ಪುಡಿಯನ್ನು ಕಟ್ಟಿಕೊಟ್ಟು ನಿನ್ನನ್ನು ಪಿರಿಯಾಪಟ್ಟಣಕ್ಕೆ ಕಳಿಸಿದೆ. ಅದು ಮುಗಿಯಿತು. ನೀನು ಜಾಣೆ — ಅತ್ತಿಗೆ ಹೇಳಿದ್ದಾಳಲ್ಲ, ಪರಂಗಿಯದೇ ತಾನೇ ಎಂದು ಹಿತ್ತಲಿನ ಕಾಯಿಗೆ ಗೀರು ಹಾಕಿ, ಹಾಲು ಇಳಿಸಿ, ಒಣಗಿಸಿ, ಪುಡಿ ಮಾಡಿ ಕುಡಿದೆ. ಎಂಟು ದಿನಕ್ಕೆ ನಿನ್ನನ್ನು ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ಬಂದರು. ಬಾಯೆಲ್ಲ ಸುಲಿದಿತ್ತು. ಸೀರೆಯೆಲ್ಲ ರಕ್ತ.

ಏನು ಕುಡಿದೆ ಎಂದು ನಾನು ಕೇಳಿದೆ. ನೀನು ಹೇಳಿದೆ. ಆ ಕ್ಷಣ ನನಗೆ ಎಲ್ಲವೂ ತಿಳಿಯಿತು, ಗಿರಿಜಾ. ನಿಮ್ಮತ್ತೆ ಗಾಡಿಯ ಹತ್ತಿರವೇ ನಿಂತಿದ್ದರು. ಆಗ ನನ್ನ ಬಾಯಿಂದ ಬಂದದ್ದು —

“ಅಳತೆ ತಪ್ಪಿದ್ದೀಯ ಕಣೆ.”

“ಊಂ ಅತ್ಗೆ. ನಂದೇ ತಪ್ಪು,” ಎಂದೆ ನೀನು, ಎದ್ದು ಕೂರಲೂ ಆಗದವಳು.

“ಅಂಗ್ ಯೋಳಿ ಮತ್ತೆ! ಕೈಗ್ ಬಂದಂಗೆ ಸುರ್ಕಂಡವ್ಳೆ. ಇವ್ಳ ಕೈಗೆ ಒಲೆ ಕೊಟ್ರೆ ನಮ್ಮನ್ನೂ ಗಾಡೀಲೇ ಸಾಗಿಸ್ಬೇಕಾಯ್ತದೆ,” ಎಂದರು ನಿಮ್ಮತ್ತೆ.

ಆಸ್ಪತ್ರೆಯಲ್ಲಿ ನಿನ್ನ ಜೀವ ಉಳಿಯಿತು. ಒಲೆ ಮಾತ್ರ ನಿನ್ನ ಕೈಗೆ ಮತ್ತೆ ಬರಲಿಲ್ಲ. ಹನ್ನೆರಡು ವರ್ಷದಿಂದ ಆ ಮನೆಯಲ್ಲಿ ಪಾತ್ರೆ ಬೆಳಗುವವಳು ನೀನು, ಅಡುಗೆಗೆ ಕೈ ಹಾಕುವಂತಿಲ್ಲ. ಇಲ್ಲಿಗೆ ಬಂದಾಗಲೂ ಉಪ್ಪು ಹಾಕುವ ಮುಂಚೆ ನನ್ನ ಮುಖ ನೋಡುತ್ತೀಯ — ಇಷ್ಟು ಸಾಕಾ ಅತ್ಗೆ ಎಂದು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ.

ಕೇಳಿದ್ದರೆ ನೀನು ಆ ಪುಡಿ ಬೇಡ ಎನ್ನುತ್ತಿದ್ದೆ, ಸಾಯುತ್ತಿದ್ದೆ — ಹೀಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ! ಬೇಡ ಎನ್ನುತ್ತಿದ್ದೆಯೋ, ಕೊಡಿ ಎನ್ನುತ್ತಿದ್ದೆಯೋ, ನಾನು ಕೇಳಲೇ ಇಲ್ಲವಲ್ಲ. ಲಿಂಗ ನಿನ್ನದು, ಕರುಳು ನಿನ್ನದು, ತೀರ್ಮಾನ ಮಾತ್ರ ನಾನೇ ಮಾಡಿಬಿಟ್ಟೆ.

ಈ ಕಾಗದಕ್ಕೆ ಅಂಟು ಹಾಕಿ ಮಧ್ಯಾಹ್ನದ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ಮಗಳನ್ನು ಮೊದಲು ಡಾಕ್ಟರಿಗೆ ತೋರಿಸೋಣ. ಆಮೇಲೆ, ನಿನ್ನ ಅಳತೆ ತಪ್ಪಿರಲಿಲ್ಲ, ತಪ್ಪಿದ್ದು ನನ್ನ ಬಾಯಿ ಎಂದು ನಿಮ್ಮತ್ತೆಯ ಎದುರು ಹೇಳುತ್ತೇನೆ. ಆ ಪುಡಿ ಯಾವುದರದೆಂದು ಅವರಿಗೆ ತಿಳಿಸಲೇ, ಬೇಡವೇ? ಅದನ್ನು ನಿನ್ನನ್ನು ಕೇಳುತ್ತಿದ್ದೇನೆ. ನೀನು ಬೇಡವೆಂದರೆ ಅದು ನಿನ್ನಲ್ಲೇ ಇರಲಿ. ಹೇಳಿ ಎಂದರೆ, ಒಳಗೆ ಕರೆಯದಿದ್ದರೂ ಸರಿ, ಬೀದಿಯಲ್ಲಿ ನಿಂತು ಹೇಳುತ್ತೇನೆ.