ಹೊಗೆ ಅಳೆಯಲು ಬಂದವರು

ಹೋದ ವಾರ ಊಟಿ ಮಾರುಕಟ್ಟೆಯಲ್ಲಿ ಒಂದು ಬೆಳ್ಳುಳ್ಳಿ ಕಟ್ಟನ್ನು ಎತ್ತಿ ಮೂಸಿ ನೋಡಿದೆ. ಅಂಗಡಿಯವನು ನಕ್ಕ. ನಗಲಿ. ಒಲೆಯ ಮೇಲೆ ತಿಂಗಳುಗಟ್ಟಲೆ ತೂಗಿ ಹೊಗೆ ಕುಡಿದ ಬೆಳ್ಳುಳ್ಳಿಗೆ ಒಂದು ವಾಸನೆ ಇರುತ್ತದೆ. ಅದಿಲ್ಲದ್ದನ್ನು ನಾನು ಬಿತ್ತನೆಗೆ ಮುಟ್ಟುವುದಿಲ್ಲ. ಆ ಕಟ್ಟಿನಲ್ಲಿ ಅದಿತ್ತು. ಬೇರೆಯವರಿಗಾದರೆ ತವರಿನ ಅಡುಗೆಮನೆ ನೆನಪಾಗಬೇಕು. ನನಗೆ ನೆನಪಾದದ್ದು ಒಬ್ಬ ಸರ್ಕಾರಿ ನೌಕರ...

ನಾವು ಅವರನ್ನು ಒಲೆ ಸಾರ್ ಎನ್ನುತ್ತಿದ್ದೆವು. ನಾನು ಮದುವೆಯಾಗಿ ನಂಜನಾಡಿನ ಹತ್ತಿರದ ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ಗಂಡನ ಹಿರಿಯರು ಮೈಸೂರು ಕಡೆಯಿಂದ ಬೆಟ್ಟ ಹತ್ತಿ ಬಂದವರು. ಆಲೂಗಡ್ಡೆ, ಕ್ಯಾರೆಟ್ಟು, ಬೆಳ್ಳುಳ್ಳಿ ಬೆಳೆಯುವವರು. ಗಂಡಸರು ಹೊಲ, ಲಾರಿ ಎಂದು ಓಡಾಡಿದರೆ ಮನೆಯ ರಾಜ್ಯಭಾರವೆಲ್ಲ ನಮ್ಮ ಅತ್ತೆಯದು. ಒಂದು ದಿನ ಬೆಳಿಗ್ಗೆ ಬಾಗಿಲಲ್ಲಿ ಒಬ್ಬರು ನಿಂತು, ತಾವು ಇಂಧನ ತಂತ್ರಜ್ಞಾನದ ಸಂಶೋಧನೆ ಮಾಡುವ ಸರ್ಕಾರಿ ಕೇಂದ್ರದಿಂದ ಬಂದಿರುವುದಾಗಿ ಹೇಳಿದರು. ಅತ್ತೆಗೆ ಅರ್ಥವಾದದ್ದು 'ಸರ್ಕಾರಿ' ಒಂದೇ.

"ಮೀಟ್ರು ಆಚೆ ಗೋಡೇಲದೆ ಕನಪ್ಪ, ನೋಡ್ಕೊಂಡು ಹೋಗು" ಎಂದರು.

"ಮೀಟರ್ ಅಲ್ಲಮ್ಮಾ. ನಿಮ್ಮ ಒಲೆ ನೋಡ್ಬೇಕು."

ಒಲೆ ನೋಡಲು ಸರ್ಕಾರ ಸಂಬಳ ಕೊಟ್ಟು ಆಳು ಕಳಿಸುತ್ತದೆ ಎಂಬುದನ್ನು ನಂಬಲು ಅತ್ತೆಗೆ ಒಂದು ವಾರ ಹಿಡಿಯಿತು. ಒಲೆ ಸಾರ್ ಗೂಡಲೂರಿನವರು, ನಲವತ್ತೈದರ ಆಸುಪಾಸು. ಕನ್ನಡ, ತಮಿಳು, ಮಲಯಾಳ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುತ್ತಿದ್ದರು. ದಿನವೂ ಬಂದು, ಕೊಕ್ಕೆಯ ತಕ್ಕಡಿಗೆ ನಮ್ಮ ಸೌದೆ ಹೊರೆಯನ್ನು ನೇತುಹಾಕಿ ತೂಗಿ, ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು.

"ನಾನು ಇಲ್ಲ ಅಂದ್ಕೊಂಡು ಅಡುಗೆ ಮಾಡಿ ಅಮ್ಮಾ" ಎನ್ನುವರು.

"ಇಷ್ಟುದ್ದ ಗಂಡಸು ಒಲೆ ಮುಂದ ಕುಂತಿದ್ರೆ ಇಲ್ಲ ಅಂತ ಹೆಂಗಪ್ಪ ಅಂದ್ಕಳದು?" ಎಂದು ಅತ್ತೆ ಅವರ ಮುಂದೆ ಅವರೆಕಾಯಿ ಮೊರವನ್ನು ತಳ್ಳಿದರು. ಸರ್ಕಾರದ ಸಂಶೋಧನೆ ನಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ನಡೆಯಿತು.

ಅತ್ತೆಗೆ ಆಗ ಕೆಮ್ಮು. ಎದೆಯ ಆಳದಿಂದ ಬಂದು ಕಣ್ಣಲ್ಲಿ ನೀರು ತರಿಸುವ ಕೆಮ್ಮು. ಮೂವತ್ತು ಮಳೆಗಾಲ ಒದ್ದೆ ನೀಲಗಿರಿ ಸೌದೆಯನ್ನು ಊದಿ ಊದಿ ಬಂದದ್ದು. ಒಲೆ ಸಾರ್ ಒಂದು ಪುಟ್ಟ ಯಂತ್ರವನ್ನು ಅತ್ತೆಯ ಸೆರಗಿಗೆ ಸಿಕ್ಕಿಸಿದರು. ಅತ್ತೆ ಉಸಿರಾಡುವ ಗಾಳಿಯನ್ನೇ ಅದೂ ಎಳೆದುಕೊಳ್ಳುತ್ತಿತ್ತು. ಸಂಜೆ ಅದರೊಳಗಿನ ಬಿಳಿ ಕಾಗದವನ್ನು ಚಿಮುಟದಲ್ಲಿ ಹಿಡಿದು ಹೊರತೆಗೆದರೆ ಅದು ಕರ್ರಗಾಗಿತ್ತು. ಅಂದು ಅವರು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಹೋದರು.

ಮುಂದಿನ ತಿಂಗಳು ಅವರ ಕೇಂದ್ರದ ಹೊಸ ಒಲೆ ಬಂತು. ಮಣ್ಣಿನ ಮೈ, ಒಳಗೆ ಕಬ್ಬಿಣದ ಜಾಲರಿ, ಹೊಗೆಯನ್ನು ಸೂರಿನಾಚೆ ಒಯ್ಯುವ ಉದ್ದ ಕೊಳವೆ. ಕೊಳವೆ ಏರಿಸುವಾಗ ಒಲೆಯ ಮೇಲಿನ ಗಳದಲ್ಲಿ ತೂಗುತ್ತಿದ್ದ ಬಿತ್ತನೆ ಬೆಳ್ಳುಳ್ಳಿ ಕಟ್ಟುಗಳು ಅಡ್ಡ ಬಂದವು. ಒಲೆ ಸಾರ್ ಅವನ್ನು ತಾವೇ ಒಂದೊಂದಾಗಿ ಬಿಚ್ಚಿ, ಕೆಲಸ ಮುಗಿದ ಮೇಲೆ ತಾವೇ ಅದೇ ಜಾಗದಲ್ಲಿ ಕಟ್ಟಿದರು. ನಾವೂ ನೋಡುತ್ತಾ ನಿಂತಿದ್ದೆವು. ಬೇಸಿಗೆಯಲ್ಲಿ ಕಿತ್ತ ಬೆಳ್ಳುಳ್ಳಿಯನ್ನು ಮಳೆ ಮುಗಿದು ನೆಡುವವರೆಗೆ ಒಲೆಯ ಮೇಲೆ ತೂಗುಹಾಕುವುದು ಇಲ್ಲಿಯ ಪದ್ಧತಿ. ಯಾಕೆ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಸೊಂಟದ ಮೇಲೆ ಮಗು ಯಾಕೆ ಕೂರುತ್ತದೆ ಎಂದು ಯಾರಾದರೂ ಹೇಳುತ್ತಾರೆಯೇ?

ಹೊಗೆ ಹೋಯಿತು. ಸೌದೆ ಅರ್ಧಕ್ಕಿಳಿಯಿತು. ಎರಡು ತಿಂಗಳಲ್ಲಿ ಅತ್ತೆಯ ಕೆಮ್ಮು ನಿಂತಿತು. ಅವರು ಅಡುಗೆ ಮಾಡುತ್ತಾ ಹಾಡು ಹೇಳಿಕೊಳ್ಳುವುದನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ. ಶ್ರುತಿ ಇರಲಿಲ್ಲ, ಆದರೂ ನನಗೆ ಎಷ್ಟು ಸಂತೋಷವಾಗಿತ್ತೆಂದರೆ...

ಜೋರು ಮಳೆ ಶುರುವಾಗಿ ತಿಂಗಳಾಗಿತ್ತು. ಒಲೆ ಸಾರ್ ಕೊನೆಯ ಅಳತೆಗೆ ಬಂದಿದ್ದರು. ಅವರ ಹಾಳೆಗಳಲ್ಲಿ ಎಲ್ಲವೂ ಚೆನ್ನಾಗಿತ್ತು. ನಮ್ಮ ಮನೆಯ ಒಲೆಯನ್ನು ನೋಡಲು ಕೇಂದ್ರದ ದೊಡ್ಡವರು ಬರುವವರಿದ್ದರು. ಅತ್ತೆ ಒಲೆ ಸಾರ್‌ಗೆ ಕಾಫಿ ಕೊಟ್ಟು, ಗಳದಿಂದ ಒಂದು ಕಟ್ಟು ಬೆಳ್ಳುಳ್ಳಿ ಇಳಿಸಿ ಕೈಗಿತ್ತರು. ಅವರು ಹಿಡಿದೊಡನೆ ಗೆಡ್ಡೆ ಪಿಚಕ್ಕೆಂದಿತು. ಒಳಗೆಲ್ಲ ಕಪ್ಪು ಬೂಷ್ಟು. ಇನ್ನೊಂದು ಕಟ್ಟು, ಮತ್ತೊಂದು... ಎಲ್ಲ ಹಾಗೆಯೇ. ಹೊಗೆ ಇಲ್ಲದೆ ಥಂಡಿ ಹಿಡಿದಿತ್ತು. ಅತ್ತೆಯ ಅತ್ತೆಯ ಕಾಲದಿಂದ ಉಳಿಸಿಕೊಂಡು ಬಂದ ಬೀಜ.

"ಈ ಒಲೆ ಒಡೀತೀನಿ ಕನಪ್ಪ" ಎಂದರು ಅತ್ತೆ. ಸಿಟ್ಟಿರಲಿಲ್ಲ. ಕಟ್ಟುಗಳನ್ನು ಅವರು ಮೊದಲೇ ನೋಡಿದ್ದರು; ಹಾರೆ ಆಗಲೇ ಗೋಡೆಗೆ ಒರಗಿತ್ತು.

"ಅಮ್ಮಾ, ನಿಮ್ಮ ಕೆಮ್ಮು?"

"ಕೆಮ್ಮು ನಂದು. ಬೀಜ ಮನೇದು."

ಒಲೆ ಸಾರ್ ಮುಖ ನೋಡಲಾಗುತ್ತಿರಲಿಲ್ಲ. ಹಾಳೆ ತೆಗೆದು ಬರೆಯತೊಡಗಿದರು. ಏನು ಬರೀತಿದ್ದೀರಿ ಎಂದೆ. ಒಲೆ ಸೋತಿತು ಅಂತ, ಎಂದರು. ನನಗೆ ಕನಿಕರವಾಯಿತು.

"ಸಾರ್, ನಿಮ್ಮ ಕೆಲಸಕ್ಕೆ ತೊಂದ್ರೆ ಆಗಲ್ವಾ? ಬೆಳ್ಳುಳ್ಳಿ ವಿಷ್ಯ ನಿಮ್ಮ ಹಾಳೇಲಿ ಕೇಳೇ ಇಲ್ವಲ್ಲ."

"ಕೇಳದೇ ಇದ್ದದ್ದೇ ತಪ್ಪು ಅಕ್ಕಾ. ಒಲೆ ಮಾರೋಕೆ ಕಂಪನಿಗಳಿವೆ. ನಮ್ಮ ಸೆಂಟರ್ ಇರೋದು ಅದು ಎಲ್ಲಿ ಕೆಡುತ್ತೆ ಅಂತ ಮೊದಲೇ ನೋಡೋಕೆ. ನಾವೇ ಮುಚ್ಚಿಟ್ರೆ ನಾಳೆ ಬೆಟ್ಟದಲ್ಲಿ ಎಲ್ಲರ ಮನೇಲೂ ಇದೇ ಆಗುತ್ತೆ."

ಆಮೇಲೆ ಅತ್ತೆಯ ಕಡೆ ತಿರುಗಿ, ಹಾರೆಯನ್ನು ಒಂದು ತಿಂಗಳು ತಮಗೆ ಕೊಡಬೇಕೆಂದು ಕೇಳಿದರು. ಅತ್ತೆ ಕೊಟ್ಟರು. ಹಾರೆಯನ್ನು ಹೆಗಲಿಗೇರಿಸಿ ಮಳೆಯಲ್ಲಿ ಬಸ್ ಸ್ಟಾಪಿಗೆ ನಡೆದ ಇನ್ನೊಬ್ಬ ಸಂಶೋಧಕರನ್ನು ನಾನು ಕಂಡಿಲ್ಲ.

ದೊಡ್ಡವರ ಭೇಟಿ ರದ್ದಾಯಿತು. ಒಲೆ ಸಾರ್ ಕೇಂದ್ರದಲ್ಲಿ ಬೈಸಿಕೊಂಡರೆಂದು ಅವರ ಜೀಪಿನ ಡ್ರೈವರ್ ಹೇಳಿದ. ಆದರೆ ಹೇಳಿದ ದಿನಕ್ಕೆ ತಗಡಿನ ದೊಡ್ಡ ಪೆಟ್ಟಿಗೆಯೊಂದನ್ನು ಹೊರಿಸಿಕೊಂಡು ಬಂದರು. ಅಟ್ಟದ ಮೇಲೆ ಅದನ್ನಿಟ್ಟು, ಹೊಗೆ ಪೆಟ್ಟಿಗೆಯನ್ನು ಹಾದು ಆಮೇಲೆ ಹೊರಗೆ ಹೋಗುವಂತೆ ಕೊಳವೆ ಜೋಡಿಸಿದರು. ಬೆಳ್ಳುಳ್ಳಿ ಪೆಟ್ಟಿಗೆಯೊಳಗೆ. ಅತ್ತೆ ತಮ್ಮ ತಂಗಿಗೆ ಹಿಂದೆ ಕೊಟ್ಟಿದ್ದ ಅದೇ ಬೀಜದಿಂದ ನಾಲ್ಕು ಕಟ್ಟು ವಾಪಸು ತರಿಸಿದ್ದರು. ಪರೀಕ್ಷೆಗೆ ಅದರಲ್ಲಿ ಒಂದೇ ಒಂದು ಕೊಟ್ಟರು. ಸರ್ಕಾರವನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿದರು.

ಮೊದಲ ವಾರ ಆ ಕಟ್ಟು ಬೆಂದೇ ಹೋಯಿತು. "ಸಾರಿಗೆ ಹಾಕ್ಬೋದು, ನೆಡಕ್ಕಾಗದಿಲ್ಲ" ಎಂದು ಅತ್ತೆ ತೀರ್ಪು ಕೊಟ್ಟರು. ಒಲೆ ಸಾರ್ ಪೆಟ್ಟಿಗೆಗೆ ಒಂದು ಪುಟ್ಟ ಬಾಗಿಲು ಕೊರೆದರು. ಎಷ್ಟು ತೆರೆಯಬೇಕೆಂದು ಅವರ ಬಳಿ ಡಿಗ್ರಿ ಲೆಕ್ಕವಿತ್ತು. ಅತ್ತೆ ಅಂಗೈ ಒಡ್ಡಿ ನೋಡಿ, ಇನ್ನೊಂಚೂರು, ಸಾಕು, ಎನ್ನುತ್ತಿದ್ದರು. ಇಬ್ಬರೂ ದಿನವಿಡೀ ಜಗಳವಾಡಿದರು. ಕೊನೆಗೆ ಅತ್ತೆಯ ಅಂಗೈ ಗೆದ್ದಿತು; ಆ ಅಂಗೈಗೆ ಎಷ್ಟು ಡಿಗ್ರಿ ಎಂದು ಒಲೆ ಸಾರ್ ಅಳೆದು ಬರೆದುಕೊಂಡರು. ಆ ವರ್ಷ ಉಳಿದ ಮೂರು ಕಟ್ಟು ಆ ಪೆಟ್ಟಿಗೆಯಲ್ಲೇ ಇದ್ದು ಕೆಡದೆ ನೆಲಕ್ಕಿಳಿದವು, ಮೊಳೆತವು. ಹಾರೆ ವಾಪಸು ಬಂತು. ಅತ್ತೆ ಅವರಿಗೆ ಹೊಸ ಬೆಳೆಯ ಮೊದಲ ಕಟ್ಟನ್ನು ಕೊಟ್ಟು, ಬೆರಳಲ್ಲಿ ಅವರ ಗಲ್ಲ ಮುಟ್ಟಿ ನೆಟಿಗೆ ತೆಗೆದರು.

ಆಮೇಲೆ ಅವರಿಗೆ ಬೇರೆ ಬೆಟ್ಟ, ಬೇರೆ ಕೆಲಸ. ಒಂದೆರಡು ವರ್ಷ ಪೊಂಗಲ್‌ಗೆ ಫೋನ್ ಮಾಡುತ್ತಿದ್ದರು, ಆಮೇಲೆ ಅದೂ ನಿಂತಿತು. ನಾವೂ ಮಾಡಲಿಲ್ಲ. ಅತ್ತೆ ಎರಡು ವರ್ಷದ ಹಿಂದೆ ವಯಸ್ಸಾಗಿ ತೀರಿಕೊಂಡರು. ಕೊನೆಯವರೆಗೂ ಉಸಿರಿಗೆ ತೊಂದರೆಯಾಗಲಿಲ್ಲ.

ಮಾರುಕಟ್ಟೆಯಿಂದ ಬಂದವಳೇ ಆ ಕೇಂದ್ರಕ್ಕೆ ಫೋನ್ ಮಾಡಿದೆ. ಅತ್ತೆಯ ಸುದ್ದಿಯನ್ನು ಅವರಿಗೆ ತಿಳಿಸಬೇಕಿತ್ತು. ಎತ್ತಿಕೊಂಡ ಹುಡುಗಿ, ಸಾರ್ ನಿವೃತ್ತಿಯ ಮರುವರ್ಷವೇ ಹೋಗಿಬಿಟ್ಟರು ಎಂದಳು. ನಾನು ಯಾರೆಂದು ಹೇಳಿದಾಗ ಅವಳಿಗೆ ಕುತೂಹಲವಾಯಿತು. ಬೆಟ್ಟದ ಊರಿಗೆ ಒಲೆ ಮಾಡುವವರೆಲ್ಲ ಮೊದಲು ಓದುವುದು ನಮ್ಮ ಮನೆಯ ಒಲೆಯ ಕುರಿತ ವರದಿಯನ್ನೇ ಅಂತೆ. ಹುಡುಕಿ ತಂದು ಓದಿ ಹೇಳಿದಳು. ಸೌದೆಯ ತೂಕ, ಹೊಗೆಯ ಅಳತೆ, ಬೆಳ್ಳುಳ್ಳಿ ಕೆಟ್ಟದ್ದು, ಎಲ್ಲವೂ ಇತ್ತು. ಕೊನೆಯ ಪುಟದಲ್ಲಿ ಸಂಶೋಧಕರ ಹೆಸರುಗಳು. ಎರಡನೆಯದು ಒಲೆ ಸಾರ್ ಹೆಸರು.

ಮೊದಲನೆಯದು ನಮ್ಮ ಅತ್ತೆಯದು. ಅತ್ತೆಗೆ ಓದು ಬರುತ್ತಿರಲಿಲ್ಲ. ಆದರೆ ನನಗೆ ಬರುತ್ತಿತ್ತು. ಅತ್ತೆ ಇದ್ದಾಗಲೇ ಒಂದು ಫೋನ್ ಮಾಡಿದ್ದರೆ ಅವರ ಪಕ್ಕ ಕೂತು ಓದಿ ಹೇಳಬಹುದಿತ್ತು.