ಮಿಲಿಟರಿ ಕಾಕಾನ ಬಿಯರು

ಮೊನ್ನೆ ಹಾನಗಲ್ಲಿನ ಗಿರಣಿಯಲ್ಲಿ ಯಾರೋ ಮೊಳಕೆ ಬರಿಸಿ ಹುರಿದ ಜೋಳ ಬೀಸಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತಿಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಿಲಿಟರಿ ಕಾಕಾ ನೆನಪಾದರು. ಹಿಟ್ಟಿನ ಡಬ್ಬಿ ಹಿಡಿದು ಅಲ್ಲೇ ನಿಂತುಬಿಟ್ಟೆ...

ಕಾಕಾ ಫೌಜಿನಿಂದ ನಿವೃತ್ತರಾಗಿ ಬಂದವರು. ಮೊಬೈಲಿನಲ್ಲಿ ನೋಡಿ ಮನೆಯಲ್ಲೇ ಬಿಯರು ಮಾಡುವ ಹುಚ್ಚು ಹತ್ತಿಸಿಕೊಂಡಿದ್ದರು. ಗೋಣಿಚೀಲದ ಮೇಲೆ ಜೋಳ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಕುದಿಸಿ, ಯೀಸ್ಟ್ ಹಾಕಿ ಇಡುತ್ತಿದ್ದರು. ರುಚಿ ದೇವರಿಗೇ ಗೊತ್ತು, ಬಣ್ಣವಂತೂ ಅಕ್ಕಿ ತೊಳೆದ ನೀರು. ಓಣಿಯವರು ನಕ್ಕರೆ ಅವರೂ ನಗುತ್ತಿದ್ದರು. ಕಾಕಿ ಮಾತ್ರ ನಗುತ್ತಿರಲಿಲ್ಲ. ಅವರ ಅಣ್ಣ ಕಳ್ಳಭಟ್ಟಿ ಕುಡಿದು, ಕಣ್ಣು ಹೋಗಿ, ಆಮೇಲೆ ಜೀವವೂ ಹೋದವರು. ಕದಡಿದ್ದೆಲ್ಲ ಕಾಕಿಗೆ ವಿಷವೇ.

"ನಾಗರ ಅಮಾಸಿ ತನಕ ನೋಡತೇನ್ರಿ. ಗ್ಲಾಸಿನ ಆಚೆ ನನ್ನ ಕೈಯಾಗಿನ ಹಸಿರು ಬಳಿ ಕಾಣಬೇಕು. ಇಲ್ಲಾಂದ್ರ ಶ್ರಾವಣದಾಗ ಈ ಸಾಮಾನು ಮನ್ಯಾಗ ಇರೂದಿಲ್ಲ" ಎಂದುಬಿಟ್ಟರು. ಕಾಕಾ ಮಾತು ಕೊಟ್ಟರು.

ಅದೇ ಸಂಜೆ ದೊಡ್ಡ ಗಾಜಿನ ಭರಣಿ ಹೊತ್ತು ನಮ್ಮಲ್ಲಿಗೆ ಬಂದರು. "ತಂಪಿನ್ಯಾಗ ಇಟ್ರ ಗಸಿ ತಳಕ್ಕ ಕೂಡತೈತಿ, ಮ್ಯಾಲ ತಿಳಿ ನಿಲ್ಲತೈತಿ. ನಿಮ್ಮ ಕಾಕಿ ನಮ್ಮ ಫ್ರಿಜ್ಜಿಗೆ ಕೈ ಹಚ್ಚಗೊಡುದಿಲ್ಲ" ಎಂದು ಸಣ್ಣ ಮುಖ ಮಾಡಿದರು. ನಮ್ಮ ಅವ್ವ ಲಿಂಗಪೂಜೆ ಮಾಡದೆ ನೀರೂ ಮುಟ್ಟದವಳು. ಮೂಗು ಮುರಿದಳು, ಆಮೇಲೆ ಅವಳೇ ಕರಗಿದಳು. "ಕೆಳಗಿನ ಖಾನೆದಾಗ ಇಡ್ರಿ, ಮ್ಯಾಲ ಪೂಜಿ ಹಾಲು ಐತಿ."

ಭರಣಿಯನ್ನು ಅಲುಗಾಡಿಸಬೇಡ ಎಂದು ಕಾಕಾ ನನಗೆ ಹೇಳಿ ಹೋದರು. ನಾನು ಅವ್ವನಿಗೆ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ... ದಿನಾ ಫ್ರಿಜ್ಜಿನ ಬಾಗಿಲು ತೆಗೆದು ನೋಡುತ್ತಿದ್ದೆ. ಹತ್ತು ದಿನಕ್ಕೆ ಭರಣಿಯ ಹಿಂದಿನ ಗೋಡೆ ಕಾಣತೊಡಗಿತು. ಕಾಕಾಗೆ ತೋರಿಸಿದಾಗ ಅವರು ಸಣ್ಣ ಹುಡುಗನ ಹಾಗೆ ಚಪ್ಪಾಳೆ ತಟ್ಟಿದರು.

ಅಮಾವಾಸ್ಯೆಯ ಬೆಳಿಗ್ಗೆ ಗ್ಲಾಸು ಹಿಡಿದೇ ಬಂದರು. ಅವ್ವ ತಾನೇ ಭರಣಿ ತಂದು ಮುಂದಿಟ್ಟಳು.

"ಎಲ್ಲಾ ತಳದಾಗ ಕುಂತಿತ್ತು ನೋಡ್ರಿ. ಸೌಟು ಹಾಕಿ ಛಂದಾಗಿ ತಿರುವೇನಿ."

ಜೀವಮಾನವೆಲ್ಲ ಮಜ್ಜಿಗೆಯನ್ನು ತಿರುವಿಯೇ ಕೊಟ್ಟ ಕೈ ಅದು. ಬಂದವರಿಗೆ ಮೇಲಿನ ತಿಳಿನೀರು ಬಗ್ಗಿಸುವುದು ನಮ್ಮ ಮನೆಯಲ್ಲಿ ಮರ್ಯಾದೆಯಲ್ಲ. ಕಾಕಾ ಭರಣಿ ನೋಡಿದರು, ಅವ್ವನ ಮುಖ ನೋಡಿದರು.

"ಭಾಳ ಉಪಕಾರ ಆತ್ರಿ, ವೈನಿ" ಎಂದರು.

ಅವತ್ತೇ ಮಧ್ಯಾಹ್ನ ಎಲ್ಲವನ್ನೂ ತಮ್ಮ ಕೈಯಾರೆ ಗಟಾರಕ್ಕೆ ಸುರಿದರು. ಕಾಕಿ ಬಾಗಿಲಲ್ಲಿ ನಿಂತಿದ್ದರು. ನಿನ್ನೆಯವರೆಗೆ ತಿಳಿಯಾಗಿತ್ತೆಂದು ಕಾಕಿಗೆ ಹೇಳೋಣವೆಂದರೆ ಪಕ್ಕದಲ್ಲೇ ಅವ್ವ ನಿಂತಿದ್ದಳು.

ಕಾಕಾ ಮತ್ತೆ ಬಿಯರು ಮಾಡಲಿಲ್ಲ. ಎರಡು ವರ್ಷಕ್ಕೆ ಹೃದಯಾಘಾತವಾಗಿ ತೀರಿಕೊಂಡರು. ಮಾತನಾಡಿಸಲು ಹೋದಾಗ ಕಾಕಿ ನನ್ನ ಕೈ ಹಿಡಿದು, "ಅವತ್ತ ಇನ್ನೆರಡು ದಿನ ತಡಿ ಅಂತ ಒಂದ್ ಮಾತ ಕೇಳಿದ್ರ ಹೂಂ ಅಂತಿದ್ದೆ. ಯಾಕ ಕೇಳಲಿಲ್ಲ ಅವರು..." ಎಂದು ಅತ್ತರು. ಯಾಕೆ ಎಂದು ನನಗೆ ಗೊತ್ತಿತ್ತು. ಕೇಳಬೇಕಾದರೆ ಅವ್ವ ಮಾಡಿದ್ದನ್ನು ಹೇಳಬೇಕಾಗುತ್ತಿತ್ತು. ನಾನೂ ಹೇಳಲಿಲ್ಲ.

ಗಿರಣಿಯಿಂದ ಮನೆಗೆ ಬಂದು ಕಾಕಾ ನೆನಪಾದರೆಂದು ಅವ್ವನಿಗೆ ಹೇಳಿದೆ. ಈಗವಳು ಹಾಸಿಗೆ ಬಿಟ್ಟು ಏಳುವುದು ಕಡಿಮೆ.

"ಪಾಪ, ಭಾಳ ಛಲೋ ಮನಷ್ಯಾ. ನನ್ನ ಕೈಲೆ ಅವರಿಗೆ ಅದೊಂದಾದ್ರೂ ಉಪಕಾರ ಆತು ನೋಡವಾ" ಎಂದಳು.

ನಾನು ಹೂಂ ಎಂದೆ.