ಶನಿವಾರದ ಒಪ್ಪತ್ತು, ಭಾನುವಾರದ ಮೀನಖಂಡ

ಸೈಕಲ್ ತುಳಿಯುವವನ ಕಾಲು ಹಿಡಿದುಕೊಂಡರೆ ನೋವು ಒಂದು ಪಾಲು, ಉಪದೇಶ ಮೂರು ಪಾಲು. ಐವತ್ತು ದಾಟಿದ ಮೇಲೆ ಸೈಕಲ್ ಹತ್ತಿದ ನನಗೆ ಈ ಮಾತು ಹೇಳುವ ಹಕ್ಕು ಇದೆ. ರಾಜಾನುಕುಂಟೆಯ ಆಸುಪಾಸಿನಲ್ಲಿ ರಸ್ತೆ ಬದಿ ಕೂತು, ಎರಡು ಕೈಯಲ್ಲೂ ಮೀನಖಂಡ ಹಿಚುಕಿಕೊಳ್ಳುತ್ತಾ, ನಾನು ಕೇಳಿಸಿಕೊಳ್ಳದ ಬುದ್ಧಿಮಾತು ಯಾವುದೂ ಉಳಿದಿಲ್ಲ.

ನಮ್ಮದು ಬ್ಯಾಟರಾಯನಪುರದ ಹಳೇ ಮನೆತನ. ಅಪ್ಪನ ಕಾಲಕ್ಕೇ ಹೊಲ ಹೋಗಿ ಲೇಔಟ್ ಆಗಿತ್ತು. ನಾನು ಆರ್.ಟಿ. ನಗರದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕುರ್ಚಿ ಸವೆಸಿದವನು. ಸಕ್ಕರೆ ಕಾಯಿಲೆ ಹತ್ತಿರ ಬಂದಿದೆ, ಏನಾದರೂ ಮಾಡಿ ಎಂದು ಡಾಕ್ಟರು ಹೇಳಿದ ಮೇಲೆ ಗೇರಿನ ಸೈಕಲ್ ಕೊಂಡೆ. ಎದುರಿನ ಅಪಾರ್ಟ್‌ಮೆಂಟಿನ ಹುಡುಗರ ಗುಂಪೊಂದು ಭಾನುವಾರ ಬೆಳಗಾಗುವ ಮುಂಚೆ ಹೊರಟು ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ ದಾಟಿ ಘಾಟಿ ದೇವಸ್ಥಾನದವರೆಗೆ ಹೋಗಿ ಬರುತ್ತಿತ್ತು. ನನ್ನನ್ನೂ ಸೇರಿಸಿಕೊಂಡರು. ಆ ದಾರಿಯನ್ನು ಒಂದೇ ಒಂದು ಸಲ ಪೂರ್ತಿ ತುಳಿದು ಮನೆಗೆ ಬರಬೇಕು ಎನ್ನುವುದು ನನ್ನ ಆಸೆ. ದೊಡ್ಡ ಆಸೆಯೇನಲ್ಲ. ಆದರೆ ಹೋಗುವಾಗ ಚೆನ್ನಾಗಿಯೇ ಇರುತ್ತಿದ್ದ ಕಾಲು ಬರುವಾಗ ಕೈಕೊಡುತ್ತಿತ್ತು. ದೊಡ್ಡಬಳ್ಳಾಪುರದಿಂದ ಹಿಂದಕ್ಕೆ ತಿರುಗಿದರೂ ಅಷ್ಟೇ, ಇನ್ನೂ ಮುಂದೆ ಹೋಗಿ ತಿರುಗಿದರೂ ಅಷ್ಟೇ, ರಾಜಾನುಕುಂಟೆ ಹತ್ತಿರ ಬರುತ್ತಿದ್ದಂತೆ ಬಲಗಾಲಿನ ಮೀನಖಂಡ ಗಂಟು ಕಟ್ಟಿಕೊಂಡು ಕಲ್ಲಾಗುತ್ತಿತ್ತು. ಪೆಡಲ್ ಮೇಲಿಂದ ಕಾಲು ತೆಗೆಯುವುದಕ್ಕೂ ಆಗುತ್ತಿರಲಿಲ್ಲ.

ಮೊದಲ ಸಲ ಹೀಗಾದಾಗ ಹೂಕೋಸು ತುಂಬಿಕೊಂಡು ಬರುತ್ತಿದ್ದ ಒಂದು ಲಗೇಜ್ ಆಟೋದವನು ಸೈಕಲ್ಲನ್ನೂ ನನ್ನನ್ನೂ ಹತ್ತಿಸಿಕೊಂಡು ಮನೆ ಬಾಗಿಲಿಗೆ ಇಳಿಸಿದ. ಗೇಟಿನಲ್ಲಿ ನಿಂತಿದ್ದ ಅಮ್ಮ ನೋಡಿದಳು. ಅಮ್ಮನಿಗೆ ಎಪ್ಪತ್ತೈದು ದಾಟಿದೆ. ಊರು ಸಿಟಿಯಾದರೂ ಅವಳ ಮಾತು ಇನ್ನೂ ಹೊಲದ್ದೇ.

"ಏನ್ಲಾ ಇದು, ಸೈಕಲ್ ಮೇಲೆ ಓದೋನು ಕೋಸಿನ್ ಜೊತೆ ಬಂದಿದ್ದೀಯ?"

"ಕಾಲು ಹಿಡ್ಕೊಂತಮ್ಮ."

"ಇನ್ನೊಂದ್ ಕಿತಾ ಇಂಗೆ ಆಟೋದಾಗೆ ಬಂದ್ರೆ ಇದುನ್ನ ಗುಜರಿಗ್ ಆಕ್ತೀನಿ, ನೋಡ್ಕೊ."

ಅಮ್ಮ ಸುಮ್ಮನೆ ಹೆದರಿಸುವವಳಲ್ಲ. ಅಪ್ಪನ ಹಳೇ ಮೊಪೆಡ್ಡು ಒಂದು ದಿನ ಇದ್ದ ಜಾಗದಲ್ಲಿ ಇರಲಿಲ್ಲ. ಕೇಳಿದ್ದಕ್ಕೆ, ತುಳಸಿ ಗಿಡಕ್ಕೆ ಬಿಸಿಲು ಬೀಳ್ತಿರಲಿಲ್ಲ ಎಂದಿದ್ದಳು. ಹಾಗಾಗಿ ಸೈಕಲ್ ಉಳಿಸಿಕೊಳ್ಳಬೇಕಾದರೆ ಕಾಲನ್ನು ಸರಿ ಮಾಡಿಕೊಳ್ಳಲೇಬೇಕಾಯಿತು.

ಅಲ್ಲಿಂದ ಶುರುವಾಯಿತು ಉಪದೇಶದ ಕಾಟ. ಗುಂಪಿನ ನಾಯಕ ಅದೇ ಅಪಾರ್ಟ್‌ಮೆಂಟಿನ ಯುವಕ. ಅವನ ಕೈಗಡಿಯಾರ ಅವನ ಎದೆಬಡಿತವನ್ನೂ ಹೇಳುತ್ತದೆ. "ಬಾಳೆಹಣ್ಣು ತಿನ್ನಿ ಸಾರ್, ಎಲ್ಲಾ ಸರಿ ಹೋಗತ್ತೆ" ಎಂದ. ಚಿಪ್ಪುಗಟ್ಟಲೆ ಬಾಳೆಹಣ್ಣು ತಿಂದೆ. ಹೊಟ್ಟೆ ಉಬ್ಬಿತು, ಕಾಲು ಹಿಡಿಯಿತು. ಇನ್ನೊಬ್ಬ ಉಪ್ಪಿನಕಾಯಿ ಜಾಡಿಯ ರಸ ಕುಡಿಯಿರಿ, ವಿದೇಶದಲ್ಲೆಲ್ಲ ಅದನ್ನೇ ಕುಡಿಯುತ್ತಾರೆ ಎಂದ. ಅಲ್ಲಿಯವರ ಉಪ್ಪಿನಕಾಯಿ ಏನೋ ಹೇಗೋ, ನಮ್ಮ ಮನೆಯ ಮಾವಿನ ಮಿಡಿ ಉಪ್ಪಿನಕಾಯಿಯ ರಸವನ್ನು ಬೆಳಗಿನ ಜಾವ ಖಾಲಿ ಹೊಟ್ಟೆಗೆ ಕುಡಿದು ನೋಡಿದವನಿಗೆ ಕಾಲಿನ ಚಿಂತೆ ಮರೆತೇ ಹೋಗುತ್ತದೆ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ತಲೆದಿಂಬಿನ ಕೆಳಗೆ ಕಬ್ಬಿಣದ ಬೀಗದಕೈ ಇಟ್ಟುಕೊಂಡು ಮಲಗಲು ಹೇಳಿದರು. ಅವರು ಸೈಕಲ್ ಮುಟ್ಟಿದವರೇ ಅಲ್ಲ. ಕೊನೆಗೆ ಯಾರಾದರೂ "ಒಂದು ಮಾತು ಹೇಳ್ಲಾ" ಎಂದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ರೋಸಿಹೋಗಿ ಕೊಡಿಗೇಹಳ್ಳಿಯ ಒಬ್ಬ ಫಿಸಿಯೋಥೆರಪಿ ಡಾಕ್ಟರ ಹತ್ತಿರ ಹೋದೆ. ಕನ್ನಡಕದ ಚುರುಕು ಹೆಂಗಸು. ಸೈಕಲ್ಲನ್ನೂ ತರಿಸಿ, ಅದರ ಮೇಲೆ ಕೂರಿಸಿ ನೋಡಿದರು. ಸೀಟು ತಗ್ಗಾಗಿದೆ, ಪೆಡಲ್ ಕೆಳಗೆ ಹೋದಾಗ ಮಂಡಿ ಒಂಚೂರು ಮಾತ್ರ ಬಾಗಿರಬೇಕು ಎಂದು ಸೀಟು ಏರಿಸಿದರು. ಹುಡುಗರ ಜೊತೆ ಮೊದಲೇ ಓಟಕ್ಕೆ ಬೀಳಬೇಡಿ, ಹಗುರ ಗೇರಿನಲ್ಲಿ ಕಾಲು ಬೇಗ ಬೇಗ ಆಡಿಸಿ, ದೂರವನ್ನು ವಾರ ವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಬಾಯಾರುವವರೆಗೆ ಕಾಯದೆ ಗುಟುಕು ಗುಟುಕಾಗಿ ನೀರು ಕುಡಿಯಿರಿ ಎಂದರು. ಹಿಡಿದುಕೊಂಡರೆ ಗಾಬರಿಯಾಗದೆ ಕಾಲು ನೀಡಿ, ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಬೇಕಂತೆ. ಕೊನೆಯಲ್ಲಿ ಕೇಳಿದರು:

"ಹಿಂದಿನ ದಿನ ಊಟ, ನೀರು ಎಲ್ಲಾ ಸರಿಯಾಗಿ ಆಗತ್ತಲ್ಲ?"

"ಆಗತ್ತೆ ಮೇಡಂ."

ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಕಾಂಪೌಂಡ್ ಗೋಡೆಗೆ ಎರಡೂ ಕೈ ಕೊಟ್ಟು ಹಿಮ್ಮಡಿ ಒತ್ತಿಕೊಂಡು ನಿಂತರೆ, ಗೋಡೆ ಬೀಳ್ತಿದೆಯಾ ಎಂದು ಬೀದಿಯವರು ಕೇಳುತ್ತಿದ್ದರು. ನಿಧಾನಕ್ಕೆ ತುಳಿದೆ. ಗುಂಪಿನ ಹಿಂದೆ ಉಳಿದೆ. ನೀರಿಗೆ ಉಪ್ಪು ಸಕ್ಕರೆ ಬೆರೆಸಿ ಒಯ್ದೆ. ಬುಧವಾರ ಆಫೀಸಿಗೆ ರಜೆ ಹಾಕಿ ಹೆಸರಘಟ್ಟದ ಕಡೆ ದೂರ ಹೋಗಿ ಬಂದೆ, ಕಾಲು ಬೆಣ್ಣೆಯ ಹಾಗೆ ತಿರುಗಿತು. ಗೆದ್ದೆ ಅಂದುಕೊಂಡೆ. ಭಾನುವಾರ ಅದೇ ಕಾಲು ರಾಜಾನುಕುಂಟೆಯಲ್ಲಿ ಹಿಡಿಯಿತು. ನನಗೆ ಅಳು ಬಂತು, ಸಂಕೋಚವಿಲ್ಲದೆ ಹೇಳುತ್ತೇನೆ. ನೋವಿಗಲ್ಲ, ಸಿಟ್ಟಿಗೆ. ಮತ್ತೆ ಆಟೋ ಹತ್ತಿದರೆ ಸೈಕಲ್ ಹೋಯಿತು. ಅದಕ್ಕೇ ಯಲಹಂಕದವರೆಗೆ ತಳ್ಳಿಕೊಂಡು ಬಂದು, ಉಳಿದ ದಾರಿಯನ್ನು ಒಂದೇ ಕಾಲಿನಲ್ಲಿ ತುಳಿದು ಮನೆ ಸೇರಿದೆ.

ಮತ್ತೆ ಡಾಕ್ಟರ ಹತ್ತಿರ ಹೋದೆ. ಈ ಸಲ ಹೆಂಡತಿ ಜೊತೆಗೆ ಬಂದಳು, ಅವಳ ಭುಜದ ನೋವು ತೋರಿಸುವುದಕ್ಕೆ. ಬುಧವಾರ ಹಿಡಿಯದ ಕಾಲು ಭಾನುವಾರ ಯಾಕೆ ಹಿಡಿಯುತ್ತದೆ ಎಂದು ಡಾಕ್ಟರು ಪೆನ್ನು ಕುಟ್ಟುತ್ತಾ ಯೋಚಿಸಿದರು. ಮತ್ತೆ ಅದೇ ಪ್ರಶ್ನೆ. ಹಿಂದಿನ ದಿನದ ಊಟ ಸರಿಯಾಗಿರತ್ತಾ? ಸರಿಯಾಗಿರತ್ತೆ ಎಂದೆ ನಾನು. ಹೆಂಡತಿ ನನ್ನ ಮುಖ ನೋಡಿದಳು.

"ರೀ, ಶನಿವಾರ ಒಪ್ಪತ್ತಲ್ವೇನ್ರೀ?"

"ಹೌದು. ಅದಕ್ಕೇನೀಗ?"

ಅವಳು ಹಣೆ ಚಚ್ಚಿಕೊಂಡಳು. ನಿಜ ಹೇಳಬೇಕೆಂದರೆ ನಾನು ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಉಪವಾಸ ಅಂದರೆ ಶಿವರಾತ್ರಿಯದು. ಒಪ್ಪತ್ತು ಉಪವಾಸವಲ್ಲ, ಅದು ಶನಿವಾರ ಅಷ್ಟೇ. ಮಧ್ಯಾಹ್ನ ಒಂದು ಊಟ, ಅದಕ್ಕೆ ಉಪ್ಪಿಲ್ಲ. ಸಂಜೆ ಒಂದು ಲೋಟ ಹಾಲು. ದೀಪ ಹಚ್ಚಿದ ಮೇಲೆ ಬೆಳಗಿನವರೆಗೆ ನೀರೂ ಇಲ್ಲ. ಮೀಸೆ ಬಂದ ದಿನದಿಂದ ಹೀಗೇ ನಡೆದುಕೊಂಡು ಬಂದವನಿಗೆ ಅದು ಊಟ ಬಿಟ್ಟ ಹಾಗೆ ಅನಿಸುವುದೇ ಇಲ್ಲ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ತಡೆಯುತ್ತಿದ್ದರು ಎಂದು ಕಾಣುತ್ತದೆ.

"ಕಾಲು ಹಿಡಿಯೋಕೆ ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ. ಆದ್ರೆ ಉಪ್ಪಿಲ್ಲ, ನೀರಿಲ್ಲ, ಹೊಟ್ಟೆ ಖಾಲಿ. ಇಷ್ಟ್ ಮಾಡಿ ಅಷ್ಟ್ ದೂರ ತುಳಿದ್ರೆ ಪಾಪ ಕಾಲ್ ತಾನೇ ಏನ್ ಮಾಡತ್ತೆ?"

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು ಇವ್ರೇ ಡಾಕ್ಟ್ರೆ" ಎಂದಳು ಹೆಂಡತಿ. "ಗೇರ್ ಸೈಕಲ್ಲಂತೆ, ಹೆಲ್ಮೆಟ್ಟಂತೆ, ಬಣ್ಣದ ಬನಿಯನ್ನಂತೆ."

ಊಟ ಮಾಡಿದರೆ ಮುಗಿಯಿತಲ್ಲ ಎಂದು ಹೊರಗಿನವರಿಗೆ ಅನಿಸಬಹುದು. ಆದರೆ ಈ ಒಪ್ಪತ್ತು ಬಂದದ್ದೇ ನನ್ನ ಕಾಲಿನಿಂದ. ಚಿಕ್ಕವನಿದ್ದಾಗ ಜ್ವರ ಬಂದು ನನ್ನ ಬಲಗಾಲು ನೆಲಕ್ಕೆ ಊರದೇ ಹೋಗಿತ್ತಂತೆ. ಅಮ್ಮ ಕೆರೆ ಏರಿ ಮೇಲಿನ ಆಂಜನೇಯನ ಗುಡಿಯಲ್ಲಿ ಒದ್ದೆ ಸೀರೆಯಲ್ಲಿ ನಿಂತು, ಇವನ ಕಾಲು ಬಂದರೆ ನಾನೂ, ಬುದ್ಧಿ ಬಂದ ಮೇಲೆ ಇವನೂ, ಇರುವವರೆಗೂ ಶನಿವಾರ ಒಪ್ಪತ್ತು ಮಾಡುತ್ತೇವೆ ಎಂದು ಹರಕೆ ಹೊತ್ತಳು. ಕಾಲು ಬಂತು. ಈಗ ಆ ಹರಕೆಯೇ ವಾರ ವಾರ ಬಂದು ಅದೇ ಕಾಲನ್ನು ಹಿಡಿಯುತ್ತಿದೆ ಎಂದು ಅಮ್ಮನಿಗೆ ಯಾವ ಬಾಯಿಂದ ಹೇಳುವುದು? ನಾನು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಹೆಂಡತಿ ಮನೆಗೆ ಬಂದವಳೇ ಚಪ್ಪಲಿ ಬಿಡುವುದರೊಳಗೆ ಎಲ್ಲವನ್ನೂ ಹೇಳಿ ಮುಗಿಸಿದಳು.

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಕೂಗಾಡುತ್ತಾಳೆ ಎಂದು ಕಾದೆ. ಕೂಗಾಡಲಿಲ್ಲ.

"ಉಣ್ಬೇಡ ಅಂತ ಸ್ವಾಮಿ ಯೋಳ್ಲಿಲ್ಲ, ನಾನ್ ಯೋಳಿದ್ದು" ಎಂದಳು ಕೊನೆಗೆ. "ನಾನ್ ಕಟ್ಟಿದ್ನ ನಾನೇ ಬಿಚ್ತೀನಿ ಬಿಡು."

ಮಾರನೆಯ ದಿನ ತೆಂಗಿನಕಾಯಿ ಹಿಡಿದು ಒಬ್ಬಳೇ ಗುಡಿಗೆ ಹೋಗಿ ಬಂದಳು. ಏನು ಮಾತಾಡಿಕೊಂಡು ಬಂದಳೋ ನಾನು ಕೇಳಲಿಲ್ಲ. ಆ ಶನಿವಾರ ಸಂಜೆ ಅವಳೇ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದಳು. ತಿನ್ನುವಾಗ ಕಳ್ಳತನ ಮಾಡಿದ ಹಾಗಾಯಿತು, ಆದರೂ ಎರಡನೇ ಮುದ್ದೆ ಬೇಡ ಅನ್ನಲಿಲ್ಲ. ಭಾನುವಾರ ಘಾಟಿಗೆ ಹೋಗಿ, ಕೈಮುಗಿದು, ಹಿಂದಕ್ಕೆ ತಿರುಗಿದೆ. ರಾಜಾನುಕುಂಟೆ ಬಂತು. ಕಾಲು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. "ಏನ್ ಗುರು, ಕಾಲ್ ಬಂತಾ?" ಎಂದ ನಾಯಕ, ಸಾರ್ ಅನ್ನುವುದನ್ನೂ ಮರೆತು. ಖುಷಿಯಲ್ಲಿ ಎಲ್ಲರಿಗೂ ನಾನೇ ಯಲಹಂಕದಲ್ಲಿ ಇಡ್ಲಿ ಕೊಡಿಸಿದೆ. ಹರಟೆ ಹೊಡೆಯುತ್ತಾ ಕೂತು, ಬಿಸಿಲು ಏರಿದ ಮೇಲೆ ಎರಡೂ ಕಾಲಿನಲ್ಲಿ ತುಳಿದುಕೊಂಡು ಮನೆಗೆ ಬಂದೆ.

ಅಮ್ಮ ಅಡುಗೆಮನೆ ಹೊಸ್ತಿಲ ಹತ್ತಿರ ಕೂತಿದ್ದಳು. ತಿಂಡಿ ತಟ್ಟೆ ಮುಚ್ಚಿಟ್ಟ ಹಾಗೇ ಇತ್ತು. ಹೆಂಡತಿಯ ಮುಖ ಕೆಂಪಾಗಿತ್ತು.

"ನಿನ್ನೆ ಮಧ್ಯಾಹ್ನದಿಂದ ಏನೂ ಮುಟ್ಟಿಲ್ಲ. ನೀರೂ ಇಲ್ಲ. ನೀವ್ ಬರೋವರೆಗೂ ಅಂತೆ."

"ಅದೇನಮ್ಮ ಹೊಸ ಪದ್ಧತಿ?" ಎಂದೆ. ನನಗೆ ಸಿಟ್ಟು ಬಂದಿತ್ತು.

"ಅವನ ಪಾಲ್ನೂ ನಾನೇ ಮಾಡ್ತೀನಿ ಅಂತ ಸ್ವಾಮಿ ತಾವ ಒಪ್ಕೊಂಡ್ ಬಂದಿವ್ನಿ. ನೀನು ಎಲ್ಡ್ ಕಾಲ್ನಾಗೆ ಮನೆಗ್ ಬರೋಗಂಟ." ಹೀಗೆ ಹೇಳುತ್ತಾ ತಟ್ಟೆ ತೆಗೆದುಕೊಳ್ಳಲು ಏಳಹೋದವಳು ಅರ್ಧಕ್ಕೇ ನಿಂತಳು. ಮುಖ ಕಿವುಚಿತು. ಬಾಗಿಲು ಹಿಡಿದು ಮೆಲ್ಲನೆ ನೆಲಕ್ಕೆ ಜಾರಿ, ಸೀರೆಯ ಮೇಲಿಂದಲೇ ಕಾಲನ್ನು ಅದುಮಿಕೊಂಡಳು.

ನನಗೆ ನೋಡಿದ ತಕ್ಷಣ ಗೊತ್ತಾಯಿತು. ಹೆಲ್ಮೆಟ್ಟನ್ನೂ ತೆಗೆಯದೆ ನೆಲದ ಮೇಲೆ ಕೂತು, ಅವಳ ಕಾಲನ್ನು ನೀಡಿಸಿ, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದೆ. ಇನ್ನೊಂದು ಅಂಗೈ ಅಡಿಯಲ್ಲಿ ಅವಳ ಸಣಕಲು ಮೀನಖಂಡ ಗಂಟಾಗಿತ್ತು, ಅದೇ ಗಂಟು. ಅದು ಸಡಿಲವಾಗುವವರೆಗೆ ಬೆರಳು ಬಿಡಲಿಲ್ಲ.

"ನಿಂಗೂ ಇಂಗೇ ಆಗ್ತಿತ್ತಾ?" ಎಂದಳು.

"ಹೂಂ. ಇದೇ. ನಿಂಗೆ ಯಾವಾಗಿಂದ?"

"ಭಾನ್ವಾರ ಭಾನ್ವಾರ ಬತ್ತದೆ ಕಣ್ಲಾ. ನೀನ್ ಕೂಸಿದ್ದಾಗಿಂದ."

ಅಷ್ಟು ವರ್ಷ. ಒಂದು ದಿನವೂ ಹೇಳಿರಲಿಲ್ಲ. ಯಾಕಮ್ಮ ಹೇಳಲಿಲ್ಲ ಎಂದು ನಾನು ಗದರಿದೆ ಎಂದೇ ಹೇಳಬೇಕು. ಅವಳು ನನ್ನನ್ನು, ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ ನೋಡಿದಳು.

"ಅವನ ಕಾಲ್ ನೋವ ನಂಗ್ ಕೊಡು ಅಂತ ಗುಡ್ಯಾಗೆ ಸ್ವಾಮೀನ ಕೇಳಿದ್ನಲ್ಲ ಆವತ್ತು. ಕೊಟ್ಟವ್ನೆ ಅಂತ ಸುಮ್ಕಿದ್ದೆ. ಯಾರ್ಗಾದ್ರೂ ಯೋಳೋ ಮಾತಾ ಅದು?"

ನಾನು ಎದ್ದು ಹೋಗಿ ಒಂದು ಚೊಂಬು ನೀರಿಗೆ ಉಪ್ಪು, ಸಕ್ಕರೆ, ಅರ್ಧ ನಿಂಬೆಹಣ್ಣು ಹಾಕಿ ಕಲಸಿದೆ. ಕಣ್ಣು ಮಂಜಾಗಿ ಉಪ್ಪು ಎಷ್ಟು ಬಿತ್ತೆಂದು ಸರಿಯಾಗಿ ಕಾಣಲಿಲ್ಲ. ತಂದು ಕೊಟ್ಟೆ. ಇದು ಉಪ್ಪಿನ ಕೊರತೆ, ನೀರಿನ ಕೊರತೆ, ದೇವರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ಚೊಂಬನ್ನು ನನ್ನ ಕಡೆಗೇ ಸರಿಸಿದಳು.

"ಇದ್ ಕುಡುದ್ರೆ ನಂದು ಓಯ್ತದೆ ಅಂತೀಯ?"

"ಹೋಗತ್ತಮ್ಮ."

"ಓಗಿ ಎಲ್ಲಿಗ್ ಬತ್ತದೆ? ನಿಂಗೇ ತಾನೆ ಬರೋದು. ನೀನ್ ಕುಡಿ."

ಎಷ್ಟು ಹೇಳಿದರೂ ಕುಡಿಯಲಿಲ್ಲ. ಬೇಕಾದರೆ ಬರೀ ನೀರು ಕೊಡು ಎಂದಳು, ತಿಂಡಿ ತಿಂದಳು, ನಾನು ತಿಂದು ಬಂದ ಇಡ್ಲಿ ಯಾವ ಹೋಟೆಲಿನದು ಎಂದು ವಿಚಾರಿಸಿಕೊಂಡಳು. ಆವತ್ತಿನಿಂದ ನನ್ನ ಕಾಲು ಹಿಡಿದಿಲ್ಲ. ಅವಳ ಪ್ರಕಾರ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಹುಡುಗರು ಇಡ್ಲಿಗೆ ನಿಲ್ಲಿಸಿದರೆ ನಾನು ನಿಲ್ಲುವುದಿಲ್ಲ. ಡಾಕ್ಟರು ಹೇಳಿದ ಹಗುರ ಗೇರು, ನಿಧಾನ ಎಲ್ಲವನ್ನೂ ಗಾಳಿಗೆ ತೂರಿ ಮನೆಗೆ ತುಳಿಯುತ್ತೇನೆ, ಯಾಕೆಂದರೆ ಅಲ್ಲಿ ಒಬ್ಬಳು ಈಗಲೂ ಶನಿವಾರ ಮಧ್ಯಾಹ್ನದಿಂದ ಬಾಯಿ ಒಣಗಿಸಿಕೊಂಡು ಹೊಸ್ತಿಲ ಹತ್ತಿರ ಕೂತಿರುತ್ತಾಳೆ. ಬಂದವನು ಸೈಕಲ್ಲನ್ನು ತುಳಸಿ ಕಟ್ಟೆಗೆ ಒರಗಿಸಿ, ಅವಳ ಕಾಲು ಹಿಡಿದು ಕೂರುತ್ತೇನೆ.